ಗೋದಲಿಯಲ್ಲಿ ತಮ್ಮನ ಪಾಳಿ

ನಾಗಪುರದಲ್ಲಿ ನಮ್ಮದು ಹನ್ನೊಂದು ಮನೆಗಳ ಕನ್ನಡ ಸಭೆ. ಒಂಬತ್ತು ಮನೆ ರೈಲ್ವೆಯವು, ಎರಡು ಅಂಚೆ ಇಲಾಖೆಯವು. ಎಲ್ಲರೂ ಹುಬ್ಬಳ್ಳಿ, ಧಾರವಾಡ, ಗದಗಿನ ಕಡೆಯಿಂದ ವರ್ಗವಾಗಿ ಬಂದ ಕ್ರೈಸ್ತರು. ಸ್ವಂತ ದೇವಾಲಯ ನಮಗಿರಲಿಲ್ಲ. ಮರಾಠಿ ಸಭೆಯವರು ತಮ್ಮ ಆರಾಧನೆ ಮುಗಿಸಿಕೊಂಡು ಭಾನುವಾರ ಮಧ್ಯಾಹ್ನ ಮೂರಕ್ಕೆ ತಮ್ಮ ಸಭಾಂಗಣವನ್ನು ನಮಗೆ ಬಿಟ್ಟುಕೊಡುತ್ತಿದ್ದರು. ವರ್ಷಕ್ಕೆ ಎರಡು ಸಲ ಊರ ಕಡೆಯಿಂದ ಅಯ್ಯನವರು ರೈಲು ಹತ್ತಿ ಬಂದು, ಕೂಸುಗಳಿಗೆ ದೀಕ್ಷಾಸ್ನಾನ ಕೊಟ್ಟು, ನಾಲ್ಕು ಮನೆಯಲ್ಲಿ ಊಟ ಮಾಡಿ ಹೋಗುತ್ತಿದ್ದರು. ಉಳಿದ ದಿನಗಳಲ್ಲಿ ಸಭೆಗೆಲ್ಲ ಅದರ ಮುಖ್ಯಸ್ಥರೊಬ್ಬರೇ ದಿಕ್ಕು, ಅವರನ್ನು ಎಲ್ಲರೂ ಹಿರಿಯರು ಅನ್ನುತ್ತಿದ್ದರು. ಈ ಹಿರಿಯರು ರೈಲ್ವೆ ಕಚೇರಿಯಲ್ಲಿ ಹೆಡ್ ಕ್ಲಾರ್ಕ್, ನಮ್ಮ ಅಪ್ಪ ಅದೇ ಕಚೇರಿಯಲ್ಲಿ ಅವರ ಕೈಕೆಳಗಿನ ಗುಮಾಸ್ತ. ಆರು ದಿನ ಅಪ್ಪ ಅವರ ಮುಂದೆ ಫೈಲು ಹಿಡಿದು ನಿಲ್ಲುತ್ತಿದ್ದ, ಏಳನೆಯ ದಿನ ಸಂಗೀತದ ಪುಸ್ತಕ ಹಿಡಿದು ನಿಲ್ಲುತ್ತಿದ್ದ. ಬೆನ್ನು ಎರಡು ಕಡೆಯೂ ಅಷ್ಟೇ ಬಾಗಿರುತ್ತಿತ್ತು.

ಇಂಥ ಸಭೆಗೂ ತನ್ನದೇ ಅನ್ನಬಹುದಾದ ಒಂದು ಪದ್ಧತಿ ಇತ್ತು. ಕ್ರಿಸ್ಮಸ್ ದಿನ ಸಂಜೆಯ ನಾಟಕದಲ್ಲಿ ಬಾಲಯೇಸುವಾಗಿ ಗೋದಲಿಯಲ್ಲಿ ಮಲಗಬೇಕಾದದ್ದು ಆ ವರ್ಷ ದೀಕ್ಷಾಸ್ನಾನವಾದ ಕೂಸುಗಳಲ್ಲಿ ಎಲ್ಲಕ್ಕಿಂತ ಚಿಕ್ಕದು. ಗೋದಲಿ ಅಂದರೆ ದನಗಳಿಗೆ ಮೇವು ಹಾಕುವ ತೊಟ್ಟಿ. ನಮ್ಮಲ್ಲಿ ಅದು ಒಂದು ಕಿತ್ತಳೆ ಹಣ್ಣಿನ ಪೆಟ್ಟಿಗೆ, ಒಳಗಿಷ್ಟು ಹುಲ್ಲು. ಅದರಲ್ಲಿ ಹತ್ತು ನಿಮಿಷ ಮಲಗಿದ ಕೂಸಿನ ಬಗ್ಗೆ ಅದರ ತಾಯಿ ಹತ್ತು ವರ್ಷ ಮಾತಾಡುತ್ತಿದ್ದಳು. ಹಿಂದಿನ ವರ್ಷ ಮಲಗಿದ್ದು ಹಿರಿಯರ ಮೊಮ್ಮಗ. ನಾಟಕ ಶುರುವಾದಾಗಿನಿಂದ ಮುಗಿಯುವವರೆಗೆ ಅದು ಕಿರುಚಿತು, ಬಾಲಯೇಸುವನ್ನು ನೋಡಲು ಬರುವ ಮೂವರು ಜ್ಞಾನಿಗಳಲ್ಲಿ ಒಬ್ಬನ ಗಡ್ಡ ಕಿತ್ತಿತು, ಹುಲ್ಲನ್ನೆಲ್ಲ ಒದ್ದೆ ಮಾಡಿತು. ಎಂಥ ಕಂಠ, ಮುಂದೆ ದೊಡ್ಡ ಬೋಧಕನಾಗುತ್ತಾನೆ ಎಂದು ಹನ್ನೊಂದು ಮನೆಯವರೂ ಹಲ್ಲು ಗಿಂಜಿದರು.

ಈ ವರ್ಷ ಪಾಳಿ ನನ್ನ ತಮ್ಮನದು. ಜುಲೈ ತಿಂಗಳಲ್ಲಿ ಹುಟ್ಟಿದವನು, ಅಕ್ಟೋಬರಿನಲ್ಲಿ ದೀಕ್ಷಾಸ್ನಾನವಾಗಿತ್ತು. ನನಗೆ ಆಗ ಒಂಬತ್ತು ವರ್ಷ. ನನಗೂ ಅವನಿಗೂ ನಡುವೆ ಒಂದು ಹೆಣ್ಣು ಹುಟ್ಟಿ, ಹನ್ನೆರಡು ದಿನ ಇದ್ದು, ಅಯ್ಯನವರು ಬರುವುದರೊಳಗೆ ಹೋಗಿಬಿಟ್ಟಿತ್ತು. ದೀಕ್ಷಾಸ್ನಾನವಾಗದ ಕೂಸು, ಹೆಸರೂ ಇಲ್ಲ, ಪಾಳಿಯೂ ಇಲ್ಲ. ಆ ವರ್ಷ ಕ್ರಿಸ್ಮಸ್ ದಿನ ಬೇರೆ ಯಾರದೋ ಕೂಸನ್ನು ಗೋದಲಿಯಲ್ಲಿ ನೋಡುತ್ತ ಅವ್ವ ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದಳು. ಆದ್ದರಿಂದ ಈ ಸಲ ಅವಳು ಅಕ್ಟೋಬರಿನಿಂದಲೇ ಬಿಳಿ ಫ್ಲಾನೆಲ್ಲಿನ ಅಂಗಿ ಹೊಲಿಯಲು ಕೂತಳು, ಕುತ್ತಿಗೆಯ ಸುತ್ತ ಸಣ್ಣ ಸಣ್ಣ ಹೂವಿನ ಕಸೂತಿ ಹಾಕಿ. ನಮ್ಮ ಮಗನೂ ಇದ್ದಾನೆ ಎಂದು ಆ ಹನ್ನೊಂದು ಮನೆಯವರು ಒಮ್ಮೆ ನೋಡಬೇಕು, ಅವಳಿಗೆ ಬೇಕಾಗಿದ್ದದ್ದು ಇಷ್ಟೇ.

ತಮ್ಮ ಕಪ್ಪಗಿದ್ದ. ಅಪ್ಪನ ಬಣ್ಣ. ಹಿರಿಯರ ಬಣ್ಣವೂ ಅದೇ, ಆದರೆ ಹೆಡ್ ಕ್ಲಾರ್ಕರ ಬಣ್ಣವನ್ನು ಯಾರೂ ನೋಡುವುದಿಲ್ಲ. ನನಗೆ ಅವನು ಚೆನ್ನಾಗಿಯೇ ಕಾಣುತ್ತಿದ್ದ ಎಂದು ಬರೆಯಬೇಕೆಂದಿದೆ. ಬರೆದರೆ ಸುಳ್ಳಾಗುತ್ತದೆ. ನನಗೂ ಅವನು ಇನ್ನೊಂದಿಷ್ಟು ಬೆಳ್ಳಗಿದ್ದರೆ ಚೆನ್ನಾಗಿತ್ತು ಅನ್ನಿಸುತ್ತಿತ್ತು.

ಕ್ರಿಸ್ಮಸ್‌ಗೆ ಎರಡು ದಿನ ಇರುವಾಗ ಹಿರಿಯರ ಹೆಂಡತಿ ನಮ್ಮ ಕ್ವಾರ್ಟರ್ಸಿಗೆ ಬಂದರು. ನಮ್ಮಂಥವರ ಮನೆಗೆ ಅವರು ಕೆಲಸವಿಲ್ಲದೆ ಬರುವವರಲ್ಲ. ಅವ್ವ ಕರ್ಚಿಕಾಯಿ ಮಡಚುತ್ತ ಕೂತಿದ್ದಳು, ನಾನು ಅಂಚು ಒತ್ತುತ್ತಿದ್ದೆ, ತಮ್ಮ ಪಕ್ಕದ ಚಾಪೆಯ ಮೇಲೆ ತನ್ನ ಮುಷ್ಟಿ ತಿನ್ನುತ್ತ ಮಲಗಿದ್ದ. ಅಪ್ಪ ಎದ್ದು ಕುರ್ಚಿ ಒರೆಸಿದ. ಒಮ್ಮೆ ಒರೆಸಿದ್ದು ಸಾಲದೆ ಮತ್ತೊಮ್ಮೆ ಒರೆಸಿದ. ಆಕೆ ಕೂತು, ಸುತ್ತ ನೋಡಿ, ಕರ್ಚಿಕಾಯಿ ಸಣ್ಣದಾಯಿತೆಂದು ಹೇಳಿ, ಆಮೇಲೆ ವಿಷಯಕ್ಕೆ ಬಂದರು.

"ಈ ಸಲ ಮಿಶನ್ನಿನ ದೊರೆಸಾನಿ ಬರಾಕತ್ತಾರ. ಊರಿಗೆ ಹೊಂಟವರು ಹಾದ್ಯಾಗ ಇಳಿದು ನಮ್ಮ ನಾಟಕ ನೋಡತಾರಂತ. ಅವರ ಮುಂದ ಕೂಸು ಅತ್ರ ಛಂದ ಕಾಣೂದಿಲ್ಲ. ನಮ್ಮನ್ಯಾಗ ಒಂದು ಗೊಂಬಿ ಐತಿ, ಅದನ್ನ ಇಟ್ರ ಆತು."

"ಹೋದ ವರ್ಷ ನಿಮ್ಮ ಮೊಮ್ಮಗ ಅಳಲಿಲ್ಲೇನ್ರಿ ಅಕ್ಕಾರ?" ಎಂದಳು ಅವ್ವ, ಕರ್ಚಿಕಾಯಿಯಿಂದ ಕಣ್ಣು ತೆಗೆಯದೆ.

"ಅದು ಬ್ಯಾರೆ ಬಿಡು. ಬೇಸರ ಮಾಡ್ಕೋಬ್ಯಾಡ ತಂಗಿ. ಯೇಸುಸ್ವಾಮಿ ಅಂದ್ರ ನೋಡಿದ ಕೂಡ್ಲೆ ಯೇಸುಸ್ವಾಮಿ ಅನಿಸಬೇಕು. ನಿನ್ನ ಕೂಸು ಛಲೋನ ಐತಿ, ಬಣ್ಣ ಒಂದೀಟು ಕಡಿಮಿ."

ಆ ಗೊಂಬೆಯನ್ನು ನಾನು ನೋಡಿದ್ದೆ. ಸೆಲ್ಯುಲಾಯಿಡಿನದು, ಗುಲಾಬಿ ಕೆನ್ನೆ, ನೀಲಿ ಕಣ್ಣು, ಹಣೆಯ ಮೇಲೆ ಹಳದಿ ಬಣ್ಣದಲ್ಲಿ ಬರೆದ ಗುಂಗುರು ಕೂದಲು. ಎಷ್ಟೋ ಸಾವಿರ ಮೈಲಿ ಆಚೆ ಬಿಸಿಲ ನಾಡಿನಲ್ಲಿ, ಒಬ್ಬ ಬಡಗಿಯ ಮನೆಯಲ್ಲಿ ಬೆಳೆದವನು ಹೀಗಿದ್ದ ಎಂದು ಈ ಹೆಂಗಸಿಗೆ ಯಾರು ಹೇಳಿದ್ದರೋ. ಹನ್ನೊಂದು ಮನೆಯಲ್ಲಿ ಒಬ್ಬರಿಗೂ ಆ ಅನುಮಾನ ಬಂದಿರಲಿಲ್ಲ. ನಮ್ಮ ಹಾಳು ಸಭೆಯ ತಿಳಿವಳಿಕೆ ಅಂದರೆ ಇದು.

"ಅವನ ಪಾಳಿ ಐತ್ರಿ," ಎಂದಳು ಅವ್ವ. "ಅಂವನ ಮಲಗತಾನ."

ನಮ್ಮ ಅವ್ವ ದೊಡ್ಡವರ ಎದುರು ಹಾಗೆ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಹಿರಿಯರ ಹೆಂಡತಿ ಅಪ್ಪನ ಕಡೆ ನೋಡಿದರು. ನಾನೂ ನೋಡಿದೆ. ಅಪ್ಪ ಈಗಲಾದರೂ ಒಂದು ಮಾತು ಆಡುತ್ತಾನೆ ಎಂದುಕೊಂಡೆ. ಆಡಿದ.

"ಪೌಡರ್ ಹಚ್ಚಿದ್ರ ಹೆಂಗ್ರಿ ಅಕ್ಕಾರ? ಮುಖಕ್ಕ, ಕೈಗೆ. ದೂರಿಂದ ಬರೋಬರ್ ಕಾಣತೈತಿ."

ಹಿರಿಯರ ಹೆಂಡತಿಗೂ ಹೊಳೆಯದ ಉಪಾಯ ಅದು, ಹೊಳೆದದ್ದು ಹೆತ್ತ ಅಪ್ಪನಿಗೆ. ಆಕೆ ಸ್ವಲ್ಪ ಯೋಚಿಸಿ, ಆಗಲಿ, ನಮ್ಮ ಪೌಡರ್ ಡಬ್ಬಿಯನ್ನೇ ತರುತ್ತೇನೆ ಅಂದರು. ಅಪ್ಪ ಅವರನ್ನು ಗೇಟಿನವರೆಗೆ ಬಿಟ್ಟು ಬಂದು, ಒಂದು ದೊಡ್ಡ ಜಗಳ ತಪ್ಪಿಸಿದವನಂತೆ ಕೈ ಉಜ್ಜಿಕೊಂಡ. ಅವನನ್ನು ನಾನು ಆಮೇಲೆ ಎಷ್ಟೋ ಕಾರಣಗಳಿಗೆ ಕ್ಷಮಿಸಿದ್ದೇನೆ, ಆ ಕೈ ಉಜ್ಜಿಕೊಂಡದ್ದಕ್ಕೆ ಕ್ಷಮಿಸಿಲ್ಲ. ಅವ್ವ ಕರ್ಚಿಕಾಯಿ ಎಣ್ಣೆಗೆ ಬಿಟ್ಟಳು.

ಕ್ರಿಸ್ಮಸ್ ದಿನ ನಾಲ್ಕು ಗಂಟೆಗೆ ಸಭಾಂಗಣ ತುಂಬಿತ್ತು. ನಾಗಪುರದ ಡಿಸೆಂಬರಿನ ಚಳಿಗೆ ಗಂಡಸರು ಕೋಟು ಹಾಕಿದ್ದರು, ಹೆಂಗಸರು ರೇಷ್ಮೆ ಸೀರೆಯ ಮೇಲೆ ಶಾಲು ಹೊದ್ದಿದ್ದರು. ದೊರೆಸಾನಿ ಮುಂದಿನ ಸಾಲಿನ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಮುದುಕಿ, ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಕೈ ಹಿಡಿದು ತಂದು ಕೂರಿಸಿದ್ದರು. ನಾಟಕ ಅರ್ಧ ಆದ ಮೇಲೆ ಆಕೆ ಇನ್ನೂ ಶುರುವಾಗಲಿಲ್ಲವೇ ಎಂದು ತೊದಲು ಕನ್ನಡದಲ್ಲಿ ಹಿರಿಯರನ್ನು ಕೇಳಿದರಂತೆ. ಇಂಥ ಕಣ್ಣುಗಳಿಗಾಗಿ ನಡೆದಿತ್ತು ಈ ಸಿಂಗಾರವೆಲ್ಲ.

ನಾನು ದೇವದೂತೆ. ಬೆನ್ನಿಗೆ ರಟ್ಟಿನ ರೆಕ್ಕೆ ಕಟ್ಟಿದ್ದರು. ಪರದೆ ಅಂದರೆ ಹಗ್ಗಕ್ಕೆ ಹಾಕಿದ್ದ ಎರಡು ಚಾದರ, ಅದರ ಹಿಂದೆ ನಾವೆಲ್ಲ ಕಾದು ನಿಂತಿದ್ದೆವು. ಅವ್ವ ತಮ್ಮನಿಗೆ ಹಾಲು ಕುಡಿಸಿ, ಫ್ಲಾನೆಲ್ ಅಂಗಿ ತೊಡಿಸಿ ನನ್ನ ಕೈಗೆ ಕೊಟ್ಟಳು. "ಪೌಡರ್ ನಾ ಹಚ್ಚಂಗಿಲ್ಲ," ಎಂದಳು. "ನೀನೂ ಹಚ್ಚಬ್ಯಾಡ." ಅಷ್ಟು ಹೇಳಿ ಹೋಗಿ ಹೆಂಗಸರ ಕಡೆ ನಾಲ್ಕನೆಯ ಸಾಲಿನಲ್ಲಿ ಕೂತಳು.

ಹಿರಿಯರ ಹೆಂಡತಿ ಡಬ್ಬಿ ನನ್ನ ಕೈಯಲ್ಲಿಟ್ಟು, "ಜಲ್ದಿ ಹಚ್ಚು, ಶಾಣೇ ಹುಡುಗಿ," ಅಂದರು. ನಾನು ಹಚ್ಚಿದೆ. ಹೆದರಿ ಹಚ್ಚಿದೆ ಅಂದರೆ ನಂಬಬೇಡಿ. ಖುಷಿಯಿಂದ ಹಚ್ಚಿದೆ. ವಾಸನೆ ಚೆನ್ನಾಗಿತ್ತು, ಶಾಣೇ ಹುಡುಗಿ ಅಂದಿದ್ದರು, ಮತ್ತು ತಮ್ಮ ನಿಜವಾಗಿ ಬೆಳ್ಳಗಾಗುತ್ತ ಹೋದ. ಸ್ವಲ್ಪ ಹಚ್ಚಿದರೆ ಬೂದಿ ಬಳಿದಂತೆ ಕಂಡಿತು, ಇನ್ನಷ್ಟು ಹಚ್ಚಿದೆ. ಕೆನ್ನೆ, ಹಣೆ, ಕಿವಿಯ ಹಿಂದೆ, ಕಣ್ಣಿನ ರೆಪ್ಪೆ. ಅವನು ನನ್ನನ್ನೇ ನೋಡುತ್ತ ಬೊಚ್ಚುಬಾಯಿ ಬಿಟ್ಟು ನಕ್ಕ. ಪುಡಿ ಬಾಯಿಗೆ ಹೋಯಿತು, ಮೂಗಿಗೆ ಹೋಯಿತು. ಸೀನಿದ, ಮತ್ತೆ ಸೀನಿದ, ಆಮೇಲೆ ಉಸಿರು ಕಟ್ಟುವ ಹಾಗೆ ಅಳಲು ಶುರುಮಾಡಿದ. ಬಿಳಿ ಮುಖದ ಮೇಲೆ ಕಣ್ಣೀರು ಹರಿದಲ್ಲೆಲ್ಲ ಕಪ್ಪು ಗೆರೆಗಳು ಎದ್ದವು.

"ಥೂ, ಏನ ಮಾಡಿದಿ ಇದು!" ಎಂದು ಹಿರಿಯರ ಹೆಂಡತಿ ನನ್ನ ಕೈಯಿಂದ ಅವನನ್ನು ಕಸಿದುಕೊಂಡು, ಹಿಂದೆ ನಿಂತಿದ್ದ ತಮ್ಮ ಸೊಸೆಯ ಕೈಗೆ ಹಾಕಿದರು. ಗೊಂಬೆಯನ್ನು ಅವರು ಚೀಲದಲ್ಲಿ ತಂದೇ ಇದ್ದರು. ಅದನ್ನು ಒಂದು ಬಿಳಿ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಮಲಗಿಸಿದರು. ಚಾದರ ಸರಿಯಿತು.

ಗೋದಲಿಯಲ್ಲಿ ಬಾಲಯೇಸು ಕಣ್ಣು ಬಿಟ್ಟುಕೊಂಡು ಸುಮ್ಮನೆ ಮಲಗಿತ್ತು, ಅಳು ಮಾತ್ರ ಹಿಂದಿನ ಗೋಡೆಯ ಕಡೆಯಿಂದ ಬರುತ್ತಿತ್ತು. ಇಡೀ ಸಭಾಂಗಣಕ್ಕೆ ಕೇಳುತ್ತಿತ್ತು. ಒಬ್ಬರೂ ನಗಲಿಲ್ಲ, ಒಬ್ಬರೂ ಮುಖ ತಿರುಗಿಸಲಿಲ್ಲ. ಹಿರಿಯರು ಹಾರ್ಮೋನಿಯಂ ಮುಂದೆ ಕೂತವರು ಅಳು ಜೋರಾದ ಹಾಗೆ ತಾವೂ ಜೋರಾಗಿ ಬಾರಿಸಿದರು. ಯೇಸುವಿನ ತಾಯಿ ಮರಿಯಳಾಗಿದ್ದ ಹುಡುಗಿ ಗೊಂಬೆಯನ್ನು ತಟ್ಟಿದಳು, ಟೊಳ್ಳು ಸದ್ದು ಬಂತು. ಮೂವರು ಜ್ಞಾನಿಗಳು, ಮೂವರೂ ಬುಕಿಂಗ್ ಆಫೀಸಿನವರು, ಬಂದು ಅಡ್ಡಬಿದ್ದರು.

ನಾನು ಸ್ಟೂಲಿನ ಮೇಲಿದ್ದೆ. ಅಲ್ಲಿಂದ ಅವ್ವ ಕಾಣುತ್ತಿದ್ದಳು. ಮೊದಲು ಕುತ್ತಿಗೆ ಉದ್ದ ಮಾಡಿ ಮುಂದಿನವರ ತಲೆಗಳ ನಡುವೆ ಗೋದಲಿಯ ಕಡೆ ನೋಡಿದಳು. ಆಮೇಲೆ ಹಿಂದಿನ ಗೋಡೆಯ ಕಡೆ ನೋಡಿದಳು. ಕೊನೆಗೆ ನನ್ನನ್ನು ನೋಡಿದಳು. ಅವಳು ಎದ್ದು ಬರುತ್ತಾಳೆ, ಎಲ್ಲರೆದುರು ಒದರುತ್ತಾಳೆ, ಗೊಂಬೆ ಎತ್ತಿ ಎಸೆಯುತ್ತಾಳೆ ಎಂದು ಕಾದೆ. ಏಳಲಿಲ್ಲ. ಗಂಡಸರ ಕಡೆಯಿಂದ ಅಪ್ಪ ಅವಳಿಗೆ ಕಣ್ಣಲ್ಲೇ ಸುಮ್ಮನಿರು ಎಂದು ಹೇಳುತ್ತಿದ್ದ. ನಾನು ನನ್ನ ಮಾತುಗಳನ್ನು ಒಂದಕ್ಷರ ತಪ್ಪದೆ ಒಪ್ಪಿಸಿದೆ, ಕೈ ಎತ್ತಿ, ನಗುಮುಖದಿಂದ. ಜನ ಚಪ್ಪಾಳೆ ತಟ್ಟಿದರು.

ನಾಟಕ ಮುಗಿದ ಮೇಲೆ ಸೀತಾಬರ್ಡಿ ಪೇಟೆಯಿಂದ ಬಂದಿದ್ದ ಫೋಟೋದವನು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ. ಅಷ್ಟು ಹೊತ್ತಿಗೆ ಅವ್ವ ತಮ್ಮನನ್ನು ಎತ್ತಿಕೊಂಡು ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದಳು. ಕೂಸನ್ನು ಕರೆಸಲೇ ಎಂದು ಫೋಟೋದವನೇ ಕೇಳಿದ. ಇರ್ಲಿ ಬಿಡ್ರಿ, ಇದ ಬರೋಬರ್ ಐತಿ, ಎಂದವನು ನಮ್ಮ ಅಪ್ಪ. ಫೋಟೋದ ಒಂದೊಂದು ಪ್ರತಿ ಹನ್ನೊಂದು ಮನೆಗೂ ಬಂತು. ಅಪ್ಪ ಅದಕ್ಕೆ ಕಟ್ಟು ಹಾಕಿಸಿ ಮುಂದಿನ ಕೋಣೆಯಲ್ಲಿ ತೂಗುಹಾಕಿದ. ಅವ್ವ ಬೇಡ ಅನ್ನಲಿಲ್ಲ. ಧೂಳು ಒರೆಸುವಾಗ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಒರೆಸುತ್ತಿದ್ದಳು.

ತಮ್ಮನಿಗೆ ನಾಲ್ಕು ವರ್ಷ ಆಗುವ ಹೊತ್ತಿಗೆ ಗೋದಲಿಯಲ್ಲಿ ಅವನ ಪಾಳಿ ಆಗಿದೆ ಎಂದು ಯಾರೋ ಅವನಿಗೆ ಹೇಳಿದ್ದರು. ಒಂದು ದಿನ ಕುರ್ಚಿ ಹತ್ತಿ ನಿಂತು ಫೋಟೋಕ್ಕೆ ಮೂಗು ಹಚ್ಚಿ ಹುಡುಕಿದ. "ಅವ್ವಾ, ಇದರಾಗ ನಾ ಎಲ್ಲಿ ಅದೇನಿ?"

ಅವ್ವ ಹಿಟ್ಟಿನ ಕೈಯಲ್ಲೇ ಬಂದು, ಪೆಟ್ಟಿಗೆಯೊಳಗಿನ ಬಿಳಿ ಚುಕ್ಕೆಯಂಥ ಮುಖವನ್ನು ಬೆರಳಿಟ್ಟು ತೋರಿಸಿದಳು. "ಇಲ್ಲಿ."

"ನಾ ಇಷ್ಟ ಬೆಳ್ಳಗಿದ್ದೆ?"

"ಹೂಂ."

"ಮತ್ತ ಈಗ ಯಾಕ ಹಿಂಗ ಆಗೇನಿ?"

ಅವ್ವ ಬೆರಳಿನ ಹಿಟ್ಟು ಸೆರಗಿಗೆ ಒರೆಸಿಕೊಂಡಳು. "ಬಿಸಿಲಾಗ ಆಡತೀಯಲ್ಲ," ಎಂದು ಹೇಳಿ ಒಲೆಯ ಕಡೆ ಹೋದಳು. ಮಗನ ಪಾಳಿ ತಪ್ಪಿತೆಂದು ಹೇಳುವುದಕ್ಕಿಂತ ಅವಳಿಗೆ ಇದು ಹಗುರವಾಗಿ ಕಂಡಿರಬೇಕು. ಅಪ್ಪನನ್ನು ಹಳಿದಂತೆ, ಆ ಹನ್ನೊಂದು ಮನೆಯವರನ್ನು ಹಳಿದಂತೆ ಅವಳನ್ನು ಹಳಿಯಲು ನನ್ನಿಂದ ಆಗುವುದಿಲ್ಲ.

ಮರುದಿನದಿಂದ ತಮ್ಮ ಹೊರಗೆ ಆಡುವುದನ್ನು ಬಿಟ್ಟ. ಕಾಲೊನಿಯ ಹುಡುಗರು ಗೋಲಿ ಆಡಲು ಮರಾಠಿಯಲ್ಲಿ ಕೂಗಿ ಕರೆದು ಕರೆದು ಸಾಕಾಗಿ ಸುಮ್ಮನಾದರು. ಅವನು ಹೊಸ್ತಿಲ ಒಳಗೆ ಕೂತು ಅವರ ಆಟ ನೋಡುತ್ತಿದ್ದ. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದ ಹಾಗೆ ಕಾಲು ಹಿಂದೆ ಎಳೆದುಕೊಳ್ಳುತ್ತಿದ್ದ, ಆಮೇಲೆ ಇಡೀ ಮೈಯನ್ನೇ ಹಿಂದೆ ಸರಿಸುತ್ತಿದ್ದ. ನಾಗಪುರದ ಬಿಸಿಲಿಗೆ ಮುಗಿಯುವುದು ಗೊತ್ತಿಲ್ಲ. ಅದು ಗೋಡೆಯ ತನಕ ಅವನನ್ನು ಅಟ್ಟಿಕೊಂಡು ಬರುತ್ತಿತ್ತು.

ನಾನು ಹೊರಗಿನಿಂದ ಬಂದ ಕೂಡಲೇ ಅವನು ಚಡ್ಡಿಯನ್ನು ಮೇಲಕ್ಕೆ ಎಳೆದು, ಎರಡೂ ಮೊಣಕಾಲು ಜೋಡಿಸಿ ನನ್ನ ಮುಂದೆ ನಿಲ್ಲುತ್ತಿದ್ದ.

"ಅಕ್ಕಾ, ನೋಡು. ಸ್ವಲ್ಪರೆ ಬೆಳ್ಳಗ ಆಗೇನೇನು?"

ನಿಜ ಗೊತ್ತಿದ್ದವಳು ನಾನು. ಬಗ್ಗಿ, ಚೆನ್ನಾಗಿ ನೋಡಿದಂತೆ ಮಾಡಿ, ಆ ಬೇಸಿಗೆ ಪೂರ್ತಿ ದಿನಾಲೂ ಹೇಳಿದೆ:

"ಹೂಂ. ನಿನ್ನೆಗಿಂತ ಒಂದೀಟು ಆಗೀದಿ."