ಅರ್ಧಕ್ಕಿಳಿದ ಟಾಕಿ

ಮೊನ್ನೆ ನಮ್ಮ ಕ್ವಾರ್ಟರ್ಸಿಗೆ ನೀರಿನ ಟ್ಯಾಂಕರ್ ಬಂದಿತ್ತು. ಡ್ರೈವರ್ ಮೇಲೆ ಹತ್ತಿ ಮುಚ್ಚಳ ತೆಗೆದ ಕೂಡಲೇ ತೊಯ್ದ ಕಬ್ಬಿಣದ ವಾಸನೆ ನನ್ನ ಬಾಲ್ಕನಿಯವರೆಗೂ ಬಂತು. ತುಕ್ಕು, ಪಾಚಿ, ಹಳೇ ನೀರು... ಬೇರೆಯವರಾಗಿದ್ದರೆ ಮೂಗು ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದರು. ನಾನು ಕೈಯಲ್ಲಿದ್ದ ಚಹಾ ಆರುವವರೆಗೂ ಅಲ್ಲೇ ನಿಂತೆ. ಮಾದನಹಿಪ್ಪರಗಾದ ನಮ್ಮ ಪಕ್ಕದ ಮನೆಯ ಕಾಕಾ ನೆನಪಾಗಿದ್ದರು.

ಕಾಕಾ ಎಂದರೆ ರಕ್ತಸಂಬಂಧವೇನೂ ಅಲ್ಲ, ಕರೆಯುವ ರೂಢಿ ಅಷ್ಟೇ. ಎತ್ತಿನ ಬಂಡಿಯ ಮೇಲೆ ಕಬ್ಬಿಣದ ಟಾಕಿ ಕೂರಿಸಿಕೊಂಡು, ತೊಗರಿಗೆ ಔಷಧ ಹೊಡೆಯುವ ದಿನಗಳಲ್ಲಿ ಹೊಲಹೊಲಕ್ಕೆ ನೀರು ಮುಟ್ಟಿಸುವುದು ಅವರ ಕೆಲಸ. ಮಾತು ಕಡಿಮೆ. ಆಡುವ ನಾಲ್ಕು ಮಾತೂ ಹೆಚ್ಚಾಗಿ ಎತ್ತುಗಳ ಜೊತೆಗೆ.

ನಾನು ಆಗ ರಾಕೆಟ್ಟಿನ ಇಂಧನ ಟ್ಯಾಂಕುಗಳ ವಿನ್ಯಾಸದ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಟೈಫಾಯ್ಡ್ ಬಂದು ಒಂದು ತಿಂಗಳು ಊರಲ್ಲಿ ಉಳಿಯಬೇಕಾಯಿತು. ಜೊತೆಗೆ ಓದಿದ ಗೆಳತಿಯರೆಲ್ಲ ಮದುವೆಯಾಗಿ ಹೋಗಿದ್ದರು. ನೋಡಲು ಬಂದವರಿಗೆ ನನ್ನ ಜ್ವರಕ್ಕಿಂತ ನನ್ನ ಮದುವೆಯ ಚಿಂತೆ ಜಾಸ್ತಿ. ನಾನು ಮಾಡುವ ಕೆಲಸವೇನು ಎಂದು ಒಬ್ಬರೂ ಕೇಳಲಿಲ್ಲ. ತುಂಬಿದ ಮನೆಯಲ್ಲೂ ಅಷ್ಟು ಒಂಟಿ ಅನ್ನಿಸಬಹುದು ಎಂದು ನನಗೆ ಗೊತ್ತಿರಲಿಲ್ಲ.

ಕೇಳಿದವರು ಕಾಕಾ ಒಬ್ಬರೇ. ಕಟ್ಟೆಯ ಮೇಲೆ ಬಿಸಿಲಿಗೆ ಕುಳಿತು ವಹಿಯಲ್ಲಿ ಗೀಚುತ್ತಿದ್ದೆ.

“ಏನ್ ಬರಿಯಾಕತ್ತಿ ಯವ್ವಾ ದಿನಾ?”

ಹೇಳಿದೆ. ರಾಕೆಟ್ ಮೇಲೇರುತ್ತಾ ಟ್ಯಾಂಕಿನೊಳಗಿನ ಇಂಧನ ಕಡಿಮೆಯಾಗುತ್ತದೆ, ಉಳಿದದ್ದು ಒಳಗೇ ಹೊಯ್ದಾಡುತ್ತದೆ. ತಳದಲ್ಲಿ ಬೆಂಕಿ ಉಗುಳುವ ನಾಝಲ್ ಅತ್ತಿತ್ತ ಹೊರಳಿ ರಾಕೆಟ್ಟನ್ನು ನೆಟ್ಟಗೆ ಹಿಡಿಯಬೇಕು. ಒಳಗಿನ ಹೊಯ್ದಾಟ ಮಿತಿ ಮೀರಿದರೆ ನಾಝಲ್ಲಿಗೂ ಸಾವರಿಸಲಾಗದು. ಅದನ್ನು ತಡೆಯಲು ಟ್ಯಾಂಕಿನ ಒಳಗೋಡೆಗೆ ಬಳೆಯಂಥ ಪಟ್ಟಿಗಳನ್ನು ಕೂರಿಸುವುದು ಹಳೇ ಪದ್ಧತಿ. ನಾನು ಮೇಲಿನಿಂದ ತಳದವರೆಗೂ ಕೂರಿಸಿದ್ದೆ. ಭಾರ ಜಾಸ್ತಿಯಾಯಿತು ಎಂದು ಮೇಲಿನವರು ಎರಡು ಸಲ ತಿರುಗಿಸಿ ಕಳಿಸಿದ್ದರು. ಮೂರನೇ ಸಲವೂ ಒಪ್ಪದಿದ್ದರೆ ಕೆಲಸ ಬೇರೆಯವರ ಕೈಗೆ ಹೋಗುತ್ತಿತ್ತು.

ಕಾಕಾ ಪೂರ್ತಿ ಕೇಳಿಸಿಕೊಂಡರು. ಎದ್ದು ಬಂಡಿಯ ಕಡೆ ನಡೆದರು.

“ಬಾ ಇಲ್ಲಿ. ಒಳಗ ಬಗ್ಗಿ ನೋಡು.”

ಟಾಕಿಯ ಬಾಯೊಳಗೆ ತಲೆ ಹಾಕಿದೆ. ಅರ್ಧ ಎತ್ತರದಲ್ಲಿ, ಅಡ್ಡಕ್ಕೆ, ಗೇಣಗಲದ ಎರಡು ತಗಡಿನ ಪಟ್ಟಿಗಳಿದ್ದವು. ಅವುಗಳ ತುಂಬ ತೂತು. ಮೇಲೆ ಏನೂ ಇಲ್ಲ, ಕೆಳಗೂ ಏನೂ ಇಲ್ಲ.

“ತುಂಬಿದ್ದಾಗ ನೀರು ಸುಮ್ನಿರ್ತದ. ತಳಕ್ಕ ಹೋದಾಗ ಅದಕ್ಕ ತಾಕತ್ತ ಇರಂಗಿಲ್ಲ. ಮ್ಯಾಲಿನ ಹೊಲಕ್ಕ ಕೊಟ್ಟು ಹಳ್ಳದ ಇಳಿಜಾರಿಗೆ ಬರೂದ್ರಾಗ ಬರೋಬ್ಬರಿ ಅರ್ಧ ಆಗಿರ್ತದ ನೋಡು, ಆವಾಗ ಹುಚ್ಚೆದ್ದು ಎತ್ತಿನ ಹೆಗಲ ಮ್ಯಾಲ ಬರ್ತದ. ಎಲ್ಲಾ ಕಡಿ ತಗಡ ಜಡದು ಭಾರ ಯಾಕ ಮಾಡ್ತಿ? ಎಲ್ಲಿ ಕುಣೀತದೋ ಅಲ್ಲೇ ಹಿಡಿ.”

ಹಿಂದೊಮ್ಮೆ ಅದೇ ಇಳಿಜಾರಿನಲ್ಲಿ ಅರ್ಧ ಟಾಕಿ ನೀರು ಮುಂದಕ್ಕೆ ನುಗ್ಗಿ ಅವರ ಎತ್ತೊಂದು ಮುಗ್ಗರಿಸಿ ಬಿದ್ದಿತ್ತು. ಮುಂಗಾಲು ಮುರಿದು ಮತ್ತೆ ಏಳಲಿಲ್ಲ. ಅದಾದ ಮೇಲೆ ಕಾಕಾ ಬಂಡಿಯನ್ನು ಆಳಂದಕ್ಕೆ ಒಯ್ದು, ವೆಲ್ಡಿಂಗ್ ಅಂಗಡಿಯಲ್ಲಿ ತಾವೇ ನಿಂತು ಪಟ್ಟಿ ಹಾಕಿಸಿದ್ದರು. ಇದನ್ನು ಹೇಳುವಾಗ ಅವರು ನನ್ನ ಕಡೆ ನೋಡಲಿಲ್ಲ.

ಮರುದಿನ ಬಂಡಿಯಲ್ಲಿ ನಾನೂ ಹೋದೆ. ಇಳಿಜಾರಿನಲ್ಲಿ ನೀರು ಒಮ್ಮೆ ಧಡ್ಡೆಂದು ಬಡಿದು ತಣ್ಣಗಾಯಿತು. ಎತ್ತುಗಳ ಹೆಜ್ಜೆ ತಪ್ಪಲಿಲ್ಲ. ಮನೆಗೆ ಬಂದವಳೇ ನನ್ನ ಪಟ್ಟಿಗಳನ್ನೆಲ್ಲ ಅಳಿಸಿದೆ. ಹಾರಾಟದಲ್ಲಿ ನಾಝಲ್ಲಿಗೆ ಹೆಚ್ಚು ಕಷ್ಟವಾಗುವ ಹೊತ್ತು ಯಾವುದು, ಆಗ ಇಂಧನ ಯಾವ ಮಟ್ಟದಲ್ಲಿರುತ್ತದೆ ಎಂದು ಲೆಕ್ಕ ಹಾಕಿ, ಅಲ್ಲಿ ಮಾತ್ರ ಉಳಿಸಿಕೊಂಡೆ. ಅದನ್ನು ಕಾಕಾಗೂ ಗೀಚಿ ತೋರಿಸಿದೆ. ಕೆಲಸಕ್ಕೆ ಮರಳಿದ ಮೇಲೆ ಕಳಿಸಿದಾಗ, ಮೂರನೇ ಸಲ ಒಪ್ಪಿದರು.

ಊರು ಬಿಡುವ ದಿನ ಕಾಕಾ ಬಸ್ಸಿನವರೆಗೂ ಬಂದಿದ್ದರು.

“ನಮ್ಮ ಟಾಕಿ ಹೋಗೂ ದಿನ ಹೇಳಬೇಕ್ ನೋಡು. ಟಿವಿ ಮುಂದ ಕುಂದರ್ತೇನಿ. ಎಲ್ಲಾ ಒಂದೇ ನಮೂನಿ ಕಾಣ್ತಾವ, ನೀ ಹೇಳಲಿಲ್ಲಂದ್ರ ನನಗ ಗುರ್ತ ಸಿಗಂಗಿಲ್ಲ.”

“ಹೇಳ್ತೇನ್ರಿ ಕಾಕಾ. ಮೊದಲ ನಿಮಗೇ ಹೇಳ್ತೇನಿ.”

ಆ ಟ್ಯಾಂಕು ಹಾರಲು ಆರು ವರ್ಷ ಹಿಡಿಯಿತು. ಹಾರಿದ ದಿನ ಸಂಜೆಯ ಸಭೆಯಲ್ಲಿ ಯಾರೋ, ಈ ಉಪಾಯ ಹೇಗೆ ಹೊಳೆಯಿತು ಎಂದು ಕೇಳಿದರು. ಲೆಕ್ಕ ಹಾಕುತ್ತಾ ಹೊಳೆಯಿತು ಎಂದುಬಿಟ್ಟೆ. ಎತ್ತಿನ ಬಂಡಿ ಎಂದರೆ ನಕ್ಕಾರು ಎಂಬ ಹೆದರಿಕೆ. ಸಣ್ಣ ಹೆದರಿಕೆ, ಆದರೆ ಅಷ್ಟು ಹೇಳಿದ ಬಾಯಲ್ಲಿ ಕಾಕಾಗೆ ಫೋನ್ ಮಾಡುವುದು ಹೇಗೆ? ನಾಳೆ ಮಾಡಿದರಾಯಿತು ಅಂದುಕೊಂಡೆ. ಆಮೇಲೆ ಅದೇ ಟ್ಯಾಂಕಿನ ಎರಡನೆಯ ರಾಕೆಟ್ ಹೋಯಿತು, ಐದನೆಯದು ಹೋಯಿತು... ಬರಬರುತ್ತಾ, ಇಷ್ಟು ತಡವಾಗಿ ಹೇಳುವುದಕ್ಕೇ ನಾಚಿಕೆಯಾಯಿತು.

ಹೋದ ವರ್ಷ ಊರಿಗೆ ಹೋದಾಗ ಕಾಕಾ ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಸೊಸೆ ಚಹಾ ಕೊಟ್ಟು ಎದುರಿಗೆ ಕುಳಿತರು.

“ಟಿವ್ಯಾಗ ರಾಕೆಟ್ ಬಂದ್ರ ಮಾವನೋರು ಉಣ್ಣೂದು ಬಿಟ್ಟು ಕುಂದರ್ತಿದ್ರರಿ. ಇದರಾಗ ನಿನ್ನ ಟಾಕಿ ಹೋತೇನು ಅಂತ ಮಂದಿ ಕಾಡಸ್ತಿದ್ರು. ‘ಇದಲ್ಲೋ, ನಮ್ಮದು ಹೋದ್ರ ಆಕಿ ಹೇಳದ ಇರಂಗಿಲ್ಲ’ ಅಂತಿದ್ರು. ಕಡೀತನಕಾ ಹಂಗೇ ಅಂದ್ರು.”

ಅವರು ‘ಇದಲ್ಲ’ ಎಂದವುಗಳಲ್ಲಿ ಎಷ್ಟೋ ನಮ್ಮವೇ...

“ಈಗರೇ ಹೋತೇನ್ರಿ ಅಕ್ಕಾ?”

ಹೋಗಿದೆ ಎಂದರೆ ಅವರ ಮಾವ ಅಷ್ಟು ವರ್ಷ ಮಂದಿಗೆ ಕೊಟ್ಟ ಉತ್ತರ ಸುಳ್ಳಾಗುತ್ತಿತ್ತು. ಹಾಗೆಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತೇನೆ. ನಿಜ ಕೇಳಿದರೆ ನಾನು ಉಳಿಸಿಕೊಂಡದ್ದು ನನ್ನ ಮುಖವನ್ನು.

“ಇನ್ನಾ ಇಲ್ಲವ್ವಾ,” ಅಂದೆ.

“ಹೌದು ಬಿಡ್ರಿ,” ಎಂದು ಆಕೆ ಖಾಲಿ ಕಪ್ಪು ತೆಗೆದುಕೊಂಡರು. “ಹೋಗಿದ್ರ ನೀವು ಹೇಳ್ತಿದ್ರಿ.”

ಇಂದು ಬೆಳಿಗ್ಗೆ ಮತ್ತೊಂದು ಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿ ತಮ್ಮ ತಮ್ಮ ಮನೆಗೆ ಫೋನ್ ಹಚ್ಚಿದರು. ನಾನು ಕ್ವಾರ್ಟರ್ಸಿಗೆ ಬಂದು ಬೀಗ ತೆಗೆದೆ. ಯಾರಿಗೂ ಹೇಳಲಿಲ್ಲ.