ಖೋಟಾ ಮಾಪು

ಮುದ್ರೆ ಬೀಳದ ವಸ್ತುವನ್ನು ನಾನು ನಂಬುವವನಲ್ಲ. ನಾನೇ ಮುದ್ರೆ ಬಿದ್ದ ಮನುಷ್ಯ ನೋಡಿ! ಟ್ರೇನಿಂಗ್ ಕಾಲೇಜು ಕೊಟ್ಟ ಮಾಸ್ತರಿಕೆಯ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದೇನೆ. ಬಂದವರನ್ನು ಅದಕ್ಕೆ ಎದುರಾಗಿಯೇ ಕೂರಿಸುತ್ತೇನೆ. ನನ್ನ ಹೆಂಡತಿ ಮಾತ್ರ ಅದೇ ಮೊಳೆಗೆ ಕೊಡೆ ಸಿಕ್ಕಿಸುತ್ತಾಳೆ. ಕೇಳಿದರೆ, "ಗ್ವಾಡಿಗೆ ಇರೂದ ಒಂದ ಮೊಳಿ, ನಾ ಏನ ಮಾಡ್ಲಿರಿ?" ಅನ್ನುತ್ತಾಳೆ.

ಇಂಥ ನಾನು ವರ್ಷಗಟ್ಟಲೆ ಮುದ್ರೆಯಿಲ್ಲದ ಹಾಲು ಕುಡಿದೆ. ಮಾಲಗಾಂವದಿಂದ ಮಿರಜದ ನಮ್ಮ ಓಣಿಗೆ ದಿನಾ ಹಾಲು ತರುವ ಗಂಗವ್ವನ ಹಾಲಳೆಯುವ ಹಿತ್ತಾಳೆಯ ಮಾಪು ಅವಳ ಅತ್ತೆಯ ಕಾಲದ್ದು. ಅದನ್ನೇ ಅಳೆದು ನೋಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಆಮೇಲೆ ಸಂಸ್ಥಾನದ ಹುಕುಮು ಬಂತು: ಮುದ್ರೆಯಿಲ್ಲದ ಮಾಪಿನಿಂದ ಯಾರೂ ಏನೂ ಮಾರಕೂಡದು. ಇಲ್ಲೊಂದು ಮಾತು ಹೇಳಬೇಕು. ಮಿರಜದ ಮುದ್ರೆ ಮಿರಜದವರೆಗೆ ಮಾತ್ರ ಸತ್ಯ. ಟಾಂಗಾ ಹತ್ತಿ ಸಾಂಗಲಿಗೆ ಹೋಗಿ ಇಳಿದರೆ ಅಲ್ಲಿ ಬೇರೆ ರಾಜರು, ಬೇರೆ ಮುದ್ರೆ. ಸತ್ಯಕ್ಕೂ ಗಡಿಯಿರುತ್ತದೆ ಎಂದು ನಾನು ಕಲಿತದ್ದು ಹೀಗೆ.

ಒಂದು ಬೆಳಿಗ್ಗೆ ಹಾಲಿನ ಹೊತ್ತಿಗೇ ಮಾಪು ತಪಾಸಣೆಗೆ ಸಂಸ್ಥಾನದ ಕಾರಕೂನರು ಓಣಿಗೆ ಬಂದರು. ನಮ್ಮ ಕಡೆ ಬೆನ್ನು ಮಾಡಿ, ತಮ್ಮ ಮಾಪಿನ ನೀರನ್ನು ಗಂಗವ್ವನ ಮಾಪಿಗೆ ಸುರಿದು ನೋಡಿ, ಕೂಗಿದರು: "ಮಾಪ ಖೋಟಾ ಐತಿ!"

ಓಣಿಗೆ ಓಣಿಯೇ ದಂಗಾಯಿತು. ಖೋಟಾ! ನಮ್ಮ ಗಂಗವ್ವ! ಎದುರುಮನೆಯ ಕಾಕು ಚರಿಗೆಯನ್ನು ಹಿಂದಕ್ಕೆಳೆದುಕೊಂಡು, "ನಾಳಿಂದ ನಮಗ ನಿನ್ನ ಹಾಲ ಬ್ಯಾಡವಾ" ಎಂದುಬಿಟ್ಟಳು. ಈ ಹೆಸರು ಅಂಟಿದರೆ ಇನ್ನು ಮಿರಜದಲ್ಲಿ ಗಂಗವ್ವನ ಹಾಲನ್ನು ನಾಯಿಯೂ ಮೂಸುವುದಿಲ್ಲ. ಅವಳು ಕಾರಕೂನರ ಮುಂದೆ ಬಂದು ನಿಂತಳು.

"ನಮ್ಮತ್ತಿ ಸಾಯೂ ಮುಂದ ನನ್ನ ಕೈಯಾಗ ಇಟ್ಟ ಮಾಪರಿ ಇದು. ಖೋಟಾ ಹ್ಯಾಂಗ ಆದೀತರಿ?"

ಓದಿದವನೆಂಬ ಹಮ್ಮಿನಿಂದ ನಾನೇ ಮುಂದೆ ಹೋಗಿ ಕಾರಕೂನರನ್ನು ಕೇಳಿದೆ: "ಎಷ್ಟ ಕಡಿಮಿ ಐತ್ರಿ, ರಾವಸಾಹೇಬ್ರ?"

"ಕಡಿಮಿ ಅಂತ ಯಾರ ಅಂದ್ರು, ಮಾಸ್ತರ? ಹೆಚ್ಚ ಐತಿ. ಹೆಚ್ಚಾದ್ರೂ ಖೋಟಾನ. ಮುದ್ರಿ ಒತ್ತಾಕ ಬರೂದಿಲ್ಲ."

ಅಯ್ಯೋ ಶಿವನೇ! ಇಷ್ಟು ವರ್ಷ ಆಕೆ ಸರಕಾರದ ಸತ್ಯಕ್ಕಿಂತ ಹೆಚ್ಚಾಗಿ ನಮಗೆ ಅಳೆದಿದ್ದಳು. ಸರಕಾರದ ಲೆಕ್ಕದಲ್ಲಿ ಅದು ಖೋಟಾ! ಕಾಕು ಚರಿಗೆಯನ್ನು ಸೆರಗಿನಡಿ ಅಡಗಿಸಿಕೊಂಡಳು. ಅತ್ತೆಯ ಮಾಪು ಕಾರಕೂನರ ಚೀಲ ಸೇರಿತು. ಗಂಗವ್ವ ಕೊಡ ಎತ್ತಿಕೊಂಡು ಹೋದಳು. ಇನ್ನು ಈ ಓಣಿಯನ್ನು ಅವಳು ತುಳಿಯುವುದಿಲ್ಲ ಎಂದುಕೊಂಡೆವು.

ಮರುದಿನ ಬಂದಳು. ಕೈಯಲ್ಲಿ ಹೊಸ ಮಾಪು, ಅಂಚಿನ ಮೇಲೆ ಹೊಳೆಯುವ ಮುದ್ರೆ. ಕಾಕು ಎಲ್ಲರಿಗಿಂತ ಮೊದಲೇ ಚರಿಗೆ ಹಿಡಿದು ನಿಂತಿದ್ದಳು. ಗಂಗವ್ವ ಮಾಪು ತುಂಬ ಅಳೆದು ಸುರಿದಳು. ಹಾಲು ಎಂದಿನಂತೆ ಚರಿಗೆಯ ಕಂಠಕ್ಕೆ ಬರಲಿಲ್ಲ. ಕಾಕು ಯಾವ ಮುಖದಿಂದ ಕೇಳಬೇಕು? ಆಗ ಗಂಗವ್ವ ಮಾಪನ್ನು ಮತ್ತೆ ಕೊಡದಲ್ಲಿ ಅದ್ದಿ, ಇನ್ನಷ್ಟು ಹಾಲನ್ನು ಕೊಸರಾಗಿ ಮೇಲೆ ಸುರಿದಳು.

"ಮೊದಲ ಹಾಕಿದ್ದು ಸರಕಾರದ್ದರಿ, ಕಾಕು. ಇದು ನಮ್ಮತ್ತಿದು."

ಒಳಗೆ ಬಂದು ಕೊಡೆ ಸರಿಸಿ ನನ್ನ ಸರ್ಟಿಫಿಕೇಟನ್ನು ನೋಡಿದೆ. ಮುದ್ರೆ ಸರಿಯಾಗಿಯೇ ಇತ್ತು. ಆ ಮುದ್ರೆಯ ಅಂಚು ದಾಟಿ ನಾನು ಒಂದು ಹನಿಯನ್ನೂ ಯಾರಿಗೂ ಸುರಿದವನಲ್ಲ ಎಂಬುದು ಆಗಲೇ ನನಗೆ ತಿಳಿದದ್ದು.

ಅಂದು ಶಾಲೆ ಬಿಡುವ ಗಂಟೆ ಬಾರಿಸಿದ ಮೇಲೂ ಹುಡುಗರಿಗೆ ಒಂದು ಲೆಕ್ಕ ಕೊಸರು ಹಾಕಿದೆ. ಅವರು ಸಿಡಿಲು ಬಡಿದವರ ಹಾಗೆ ನನ್ನ ಮುಖ ನೋಡಿದರು. ಕೊಸರು ಬೇಡವೆನ್ನುವ ಗಿರಾಕಿಗಳನ್ನು ನಾನು ಕಂಡದ್ದು ಅದೇ ಮೊದಲು.