ಅರ್ಧ ಅಳಿಸಿದ ಡಿಸ್ಕು

ಸಂಬಂಧಕ್ಕೆ ಹೂಂ ಅನ್ನುವ ಮೊದಲು ಹುಡುಗನ ಕೈಕೆಲಸ ನೋಡಬೇಕು ಎಂಬುದು ನಮ್ಮಪ್ಪನ ಹಟ. ಎರಡು ಸಾವಿರದ ಇಸವಿ ದಾಟಿದ ಹೊಸತು. ಹುಡುಗ ಮೂಡಲಗಿಯವರು, ಗೋಕಾಕದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದರು. ನಾನು ಹುಕ್ಕೇರಿಯಲ್ಲಿ, ಮನೆಗೆ ಹತ್ತಿಕೊಂಡಿದ್ದ ಅಪ್ಪನ ಬಟ್ಟೆ ಅಂಗಡಿಯ ಮೂಲೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ಲಗ್ನಪತ್ರಿಕೆ ಮಾಡಿಕೊಡುತ್ತಿದ್ದೆ. ಅದರ ಹಾರ್ಡ್ ಡಿಸ್ಕು ತುಂಬಿಹೋಗಿತ್ತು.

"ಅವರನ್ನ ಕರಸೂಣು. ಕನ್ಯಾ ನೋಡಿದಂಗೂ ಆತು, ಕೆಲಸಾನೂ ಆತು" ಎಂದರು ಅಪ್ಪ. ವ್ಯಾಪಾರಿ ಬುದ್ಧಿ ಎಲ್ಲಿ ಹೋಗುತ್ತದೆ!

ಬಂದರು. ಹೊಸ ಡಿಸ್ಕು ಜೋಡಿಸಿ, ಅದಕ್ಕೆ ಹೊಸ ವಿಂಡೋಸ್ ಹಾಕಿ, ನನ್ನ ಕೆಲಸವನ್ನೆಲ್ಲ ಅದಕ್ಕೆ ಸಾಗಿಸಿಕೊಟ್ಟರು. ಮಾತು ಕಡಿಮೆ, ಕೈ ಚುರುಕು. ನನಗೆ ಮನಸ್ಸಿಗೆ ಬಂದಿದ್ದರು, ಸುಳ್ಳೇಕೆ? ಆದರೆ ಅವ್ವನ ತಂಗಿ ಸುಮ್ಮನಿರಬೇಕಲ್ಲ. "ಬೆಳ್ಳಗಿದ್ದದ್ದೆಲ್ಲಾ ಹಾಲಲ್ಲ. ದಡ್ಡಿ ಊರಾಗ ಒಂದ ಸಂಬಂಧ ಮುರಿದೈತಂತ ಇವರದು" ಎಂದು ಕಿವಿಗೆ ಹಾಕಿ ಹೋದಳು.

ಮರುದಿನ ಕಂಪ್ಯೂಟರ್ ಚಾಲೂ ಮಾಡಿದರೆ ಪರದೆಯ ಮೇಲೆ ಎರಡು ಸಾಲು: ಹಳೆಯ ವಿಂಡೋಸೋ, ಹೊಸದೋ? ಹಳೆಯ ಡಿಸ್ಕನ್ನು ಅದರ ವಿಂಡೋಸ್ ಸಮೇತ ಹಾಗೇ ಬಿಟ್ಟುಹೋಗಿದ್ದರು. ದಿನಾ ಮುಂಜಾನೆ ಅದೇ ಪ್ರಶ್ನೆ. ನನಗೆ ಮೈ ಉರಿಯತೊಡಗಿತು. ಹೊಸದು ಬಂದ ಮೇಲೂ ಹಳೆಯದನ್ನು ಬಿಡದ ಮನುಷ್ಯ ಇವರು!

"ನನ್ನ ಕಣ್ಣ ಮುಂದ ಅಳಸ್ಲಿ. ಆಮ್ಯಾಲ ಲಗ್ನದ ಮಾತು" ಎಂದುಬಿಟ್ಟೆ.

ಎರಡನೆಯ ಸಲ ಬಂದವರು ಕೂತ ಕೂಡಲೇ ಹೇಳಿದರು: "ಒಮ್ಮೆಲೆ ತಗದ್ರ ಹೊಸಾದು ಏಳೂದಿಲ್ರಿ. ಚಾಲೂ ಆಗೂ ಫೈಲ್ ಹಳೇದರಾಗ ಅದಾವ."

ಅಪ್ಪ ನನ್ನನ್ನು ಬಾಜೂಕ್ಕೆ ಕರೆದು, "ಎಲ್ಲಾ ನೆವಾ. ಮತ್ತ ಮತ್ತ ಬರಾಕ ದಾರಿ ಇಟ್ಕೊಂಡಾನ" ಎಂದು ಪಿಸುಗುಟ್ಟಿದರು. ನನಗೂ ಹಾಗೇ ಅನಿಸಿತ್ತು.

ಆ ಫೈಲುಗಳನ್ನು ಹೊಸ ಡಿಸ್ಕಿಗೆ ಹಾಕಿ, ಹಳೆಯದನ್ನು ಅಳಿಸಲು ಹಚ್ಚಿದರು. ಕೆಲಸ ತೆವಳುತ್ತಾ ಸಾಗಿತು. ಹೊತ್ತು ಇಳಿಯಿತು. ನಮ್ಮದು ಜೈನರ ಮನೆ, ಸೂರ್ಯ ಮುಳುಗಿದ ಮೇಲೆ ಊಟವಿಲ್ಲ. ಬಂದ ಬೀಗರನ್ನು ಉಪವಾಸ ಕಳಿಸುವುದಂತೂ ಮಹಾಪಾಪ. ಅವ್ವ ಒಳಗಿನಿಂದ ಕರೆದಳು, ಮತ್ತೆ ಕರೆದಳು.

"ಅರ್ಧಾ ಆಗೇತ್ರಿ. ಈಗ ಬಂದ್ ಮಾಡಾಕ ಬರೂದಿಲ್ಲ" ಎಂದರು ಇವರು.

ಅಪ್ಪ ಪಡುವಣ ಕಿಟಕಿಯಲ್ಲಿ ಒಮ್ಮೆ ಇಣುಕಿದರು. ಸೀದಾ ಹೋಗಿ ಮೇನ್ ಸ್ವಿಚ್ ಎಳೆದೇಬಿಟ್ಟರು. "ಏಳ್ರಿ! ಊಟಾ ಮೊದಲ!"

"ಅಯ್ಯಯ್ಯ ಅಪ್ಪಾ!" ಎಂದು ನಾನು ಚೀರಿದೆ. ಇವರು ಕಪ್ಪಾದ ಪರದೆಯನ್ನು ಒಂದು ಗಳಿಗೆ ನೋಡಿ, ಎದ್ದು ಕೈತೊಳೆದು ರೊಟ್ಟಿಯ ಮುಂದೆ ಕೂತರು. ಅದೂ ನನಗೆ ಸಂಶಯವೇ. ಇಷ್ಟಾದರೂ ಸಿಟ್ಟು ಬಾರದವರನ್ನು ಹೇಗೆ ನಂಬುವುದು?

ಊಟವಾದ ಮೇಲೆ ಚಾಲೂ ಮಾಡಿದರೆ ಹೊಸದು ಏನನ್ನೂ ಕೇಳದೆ ಎದ್ದಿತು. ಹಳೆಯದು ಇನ್ನು ಏಳುವಂತಿರಲಿಲ್ಲ. ಅವರು ಅದನ್ನು ಬಿಚ್ಚಿ ಮೇಜಿನ ಮೇಲಿಟ್ಟರು. ಅಪ್ಪ ಅತ್ತ ಹೋದದ್ದೇ ತಡ, ನಾನು ಕೇಳಿದೆ: "ಖರೆ ಹೇಳ್ರಿ. ಆ ಫೈಲ್ ಇವತ್ತ ಹಾಕಿದ್ರಿ. ಅವತ್ತ ಹಾಕಾಕ ಏನಾಗಿತ್ತು?"

ಸ್ಕ್ರೂಡ್ರೈವರ್ ತಿರುವುತ್ತಾ ಹೇಳಿದರು: "ಅದರಾಗ ಒಂದ ಲಗ್ನಪತ್ರಿಕಿ ಐತ್ರಿ, ಆ ದಡ್ಡಿ ಹುಡುಗಿದು, ಬ್ಯಾರೆ ವರನ ಜೋಡಿ. ನೀವ ಮಾಡಿದ್ದು. ಅವತ್ತ ಕಣ್ಣಿಗೆ ಬಿತ್ತು. ಅದೊಂದನ್ನ ಹೊಸಾದಕ್ಕ ತರಲಿಲ್ಲ. ಅಳಸಾಕೂ ಕೈ ಬರಲಿಲ್ಲ."

ಆ ಹುಡುಗಿಯ ಹೆಸರಿನ ಸುತ್ತ ಬಳ್ಳಿ ಬಿಡಿಸಿ ಕೂರಿಸಿದವಳು ನಾನೇ. ಹೊಟ್ಟೆಕಿಚ್ಚಿನಿಂದ ಕಣ್ಣು ತುಂಬಿತು. ಆದರೆ 'ಮರ್ತಿದ್ದೆ' ಎಂದು ಅವರು ಒಂದು ಸುಳ್ಳು ಹೇಳಿದ್ದರೆ ನಾನು ನಂಬುತ್ತಿದ್ದೆ. ಹೇಳಲಿಲ್ಲ. ಮರುದಿನ ಅಪ್ಪನಿಗೆ ಹೂಂ ಅಂದೆ.

ಆ ಹಳೆಯ ಡಿಸ್ಕು ಅರಿವೆಯಲ್ಲಿ ಸುತ್ತಿಕೊಂಡು, ನನ್ನ ಟ್ರಂಕಿನಲ್ಲಿ ಮೂಡಲಗಿಗೆ ಬಂತು. ಅಪ್ಪ ಸ್ವಿಚ್ ಎಳೆದಾಗ ಅರ್ಧ ಹೋಗಿತ್ತು, ಅರ್ಧ ಉಳಿದಿತ್ತು. ಆ ಪತ್ರಿಕೆ ಯಾವ ಅರ್ಧದಲ್ಲಿತ್ತೋ, ನಾನು ನೋಡಿಲ್ಲ. "ಅದ ಖಾಲಿ ಐತಿ, ಒಗದ ಬಿಡ" ಎನ್ನುತ್ತಾರೆ ಇವರು.

ನೋಡದೆ ಇವರಿಗೆ ಹೇಗೆ ಗೊತ್ತು? ಟ್ರಂಕಿನ ಕೀಲಿ ಇವತ್ತಿಗೂ ನನ್ನ ಸೊಂಟದಲ್ಲೇ ಇದೆ.